ನಾಲ್ಕನೇ ಗ್ರೇಡಿನ ಮೊಣಕಾಲು

ಪಾಯಖಾನೆಯ ತಗಡಿನ ಮಾಡಿನ ಅಡ್ಡಕಂಬಿಯಿಂದ ಒಂದು ಹಗ್ಗ ಇಳಿಬಿದ್ದಿರುವುದನ್ನು ಕಾಸಿಂಸಾಬ ಅವತ್ತು ಬೆಳಿಗ್ಗೆ ಮೊದಲ ಸಲ ನೋಡಿದ. ಹಗ್ಗವೆಂದರೆ ಪೂರಾ ಹಗ್ಗವೂ ಅಲ್ಲ, ಹೆಂಡತಿಯ ಹಳೆಯ ಹಸಿರು ದುಪಟ್ಟಾವನ್ನು ಹೊಸೆದು ಗೇಣಿಗೊಂದರಂತೆ ಮೂರು ಗಂಟು ಹಾಕಿದ್ದು. ಅದು ಎಷ್ಟು ದಿನದಿಂದ ಅಲ್ಲಿತ್ತೋ, ಅವನು ಮಾತ್ರ ಕುಕ್ಕರಗಾಲಲ್ಲಿ ಕೂತು ಅದನ್ನು ಹಾವನ್ನು ನೋಡಿದಂತೆ ನೋಡಿದ. ಕುಕ್ಕರಗಾಲಲ್ಲಿ ಕೂರುವುದೇ ಅವನಿಗೆ ನಿಷಿದ್ಧ. ನಾಲ್ಕನೇ ಗ್ರೇಡಿನ ಮೊಣಕಾಲಿನವರು ಹಾಗೆ ಕೂರಬಾರದೆಂದು ಮಗ ಇರ್ಫಾನ ದಾಂಡೇಲಿಯಿಂದ ನಡುವೆ ತೂತಿರುವ ಬಿಳಿ ಪ್ಲಾಸ್ಟಿಕ್ ಖುರ್ಚಿಯೊಂದನ್ನು ಜೀಪಿನ ನೆತ್ತಿಯ ಮೇಲೆ ಕಟ್ಟಿಕೊಂಡು, ಹಳಿಯಾಳದ ಪೇಟೆಗೆಲ್ಲ ಕಾಣುವಂತೆ ತಂದು ಗುಂಡಿಯ ಮೇಲೆ ಸಿಂಹಾಸನದ ಹಾಗೆ ಸ್ಥಾಪಿಸಿದ್ದ. ಮೂರು ತಿಂಗಳಿಂದ ಕಾಸಿಂಸಾಬ ದಿನಾ ಒಳಗೆ ಬಂದು ಚಿಲಕ ಹಾಕಿ, ಸಿಂಹಾಸನವನ್ನು ಸದ್ದಾಗದಂತೆ ಎತ್ತಿ ಮೂಲೆಗಿಟ್ಟು, ಅರವತ್ತನಾಲ್ಕು ವರ್ಷದ ರೂಢಿಯಂತೆ ಕೂತು, ಎದ್ದು, ಅದನ್ನು ಮತ್ತೆ ಇದ್ದಲ್ಲಿಗಿಟ್ಟು ಹೊರಗೆ ಬರುತ್ತಿದ್ದ. ಚಪ್ಪಲಿ ಮೆಟ್ಟುವಾಗ ಎರಡು ಸಲ ನರಳುತ್ತಿದ್ದ. ನರಳದೆ ಬಂದರೆ ಸೊಸೆ ಶೈಸ್ತಾ ಏನೆಂದುಕೊಂಡಾಳು?

ಇವತ್ತು ಅವನು ಬರುವ ಮೊದಲೇ ಖುರ್ಚಿ ಮೂಲೆಯಲ್ಲಿತ್ತು. ಮಗ ಸೊಸೆಗೆ ಹೊಸ ಕೋಣೆಯಲ್ಲೇ ಬೇರೆ ವ್ಯವಸ್ಥೆ ಇದ್ದುದರಿಂದ ಈ ಹಿತ್ತಲಿನದು ಮುದುಕ ಮುದುಕಿಯ ಪಾಲಿನದು. ಅಂದರೆ ಹೆಂಡತಿ ನೂರಜಹಾನಳೂ ದಿನಾ ಅದನ್ನು ಎತ್ತಿಡುತ್ತಿದ್ದಳು, ಇವತ್ತು ಗಡಿಬಿಡಿಯಲ್ಲಿ ವಾಪಸ್ಸಿಡುವುದನ್ನು ಮರೆತಿದ್ದಳು. ಯಾಕೆ ಎತ್ತಿಡುತ್ತಾಳೆ? ಅದು ಅವರದು, ಡಾಕ್ಟರು ಅವರಿಗೆ ಹೇಳಿದ್ದು, ನನ್ನ ಕಾಲಿನ ಎಕ್ಸರೇ ಫೋಟೋ ಚೆನ್ನಾಗಿದೆಯಲ್ಲ, ಎಂದು. ಹೀಗೆ ಒಬ್ಬರಿಗೆ ಬೇಡದ, ಇನ್ನೊಬ್ಬರಿಗೆ ಹಕ್ಕಿಲ್ಲದ ಖುರ್ಚಿಯನ್ನು ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಮೂರು ತಿಂಗಳು ಎತ್ತಿಳಿಸಿದ್ದರು. ಕಾಸಿಂಸಾಬ ಕೈ ಚಾಚಿ ಹಗ್ಗದ ಕೆಳಗಿನ ಗಂಟನ್ನು ಹಿಡಿದ. ಅವನ ಅಳತೆಗೆ ಅದು ತೀರಾ ಕೆಳಗಿತ್ತು. ಗಿಡ್ಡ ಮನುಷ್ಯರಿಗೆ ಸರಿ. ಮೊದಲ ಗಂಟು ಅರ್ಧ ಏಳಲಿಕ್ಕೆ, ಎರಡನೆಯದು ಇನ್ನರ್ಧಕ್ಕೆ, ಮೂರನೆಯದು ನಿಂತ ಮೇಲೆ ಉಸಿರು ಬಿಡಲಿಕ್ಕೆ. ಅವನು ಗಂಟನ್ನು ಬಿಟ್ಟ. ಯಾರದೋ ಟ್ರಂಕು ತೆಗೆದು ನೋಡಿದವನ ಹಾಗೆ ಮುಖ ಬಿಸಿಯಾಯಿತು. ಹೊರಗೆ ಬಂದು, ತಪ್ಪದೆ, ಎರಡು ಸಲ ನರಳಿದ.

ಒಳಗೆ ನೂರಜಹಾನ ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ತಟ್ಟೆಯ ತುಂಬ ಸುಲಿದ ಬೆಳ್ಳುಳ್ಳಿ. ನಿನ್ನೆಯೂ ಒಂದು ತಟ್ಟೆ ಇತ್ತು, ಮೊನ್ನೆಯೂ. “ಏನು, ಯಾರದರ ಶಾದಿ ಐತೇನು? ಊರಿಗೆಲ್ಲಾ ಬಿರಿಯಾನಿ ಮಾಡಾಕಿ ಇದ್ದಂಗ ಐತಿ,” ಎಂದು ಅವನು ದಿನಾ ಮಾಡುವ ಚೇಷ್ಟೆಯನ್ನು ಇವತ್ತೂ ಮಾಡಿದ. ಅವಳು ತಲೆ ಎತ್ತದೆ, “ಇರ್ಫಾನನ ಅಬ್ಬಾ, ನಾಕ ಗಂಟೇಕ ಮುಂಡಗೋಡಕ್ಕ ಹೋಗೂದೈತಿ. ನಿಮ್ಮ ಎಣ್ಣಿ ಬಾಟ್ಲಿ ಕಿಡಕ್ಯಾಗ ಇಟ್ಟೇನಿ. ಶೈಸ್ತಾಗ ತಿಕ್ಕಾಕ ಹೇಳಬ್ಯಾಡ್ರಿ, ಸೊಸಿ ಕೈಲೆ ಕಾಲ ತಿಕ್ಕಸ್ಕೊಂಡ್ರ ಛಲೋ ಕಾಣಂಗಿಲ್ಲ,” ಎಂದಳು. ನಲವತ್ತು ದಿನ. ಮಗಳು ಅನೀಸಾಗೆ ಎರಡನೆಯ ಹೆರಿಗೆ, ಇವತ್ತೋ ನಾಳೆಯೋ. ಟಿಬೆಟನ್ ಕಾಲೊನಿಯ ರಸ್ತೆಯಲ್ಲಿ ಅಳಿಯನ ಸ್ವೆಟರ್ ಅಂಗಡಿ, ಅಂಗಡಿಯ ಮೇಲೆ ಮನೆ, ಮನೆಗೆ ಹದಿನೆಂಟು ಮೆಟ್ಟಿಲು, ಬಚ್ಚಲು ಮತ್ತು ನೀರೊಲೆ ಕೆಳಗೆ. ಬಾಣಂತಿಗೆ ಎರಡು ಹೊತ್ತು, ಕೂಸಿಗೆ ಎರಡು ಹೊತ್ತು ಬಿಸಿನೀರು ಮೇಲೆ ಹೋಗಬೇಕು. ಹದಿನೈದು ದಿನದ ಹಿಂದೆ ನೂರಜಹಾನ ಒಂದೇ ಒಂದು ಸಲ “ನನಗ ಆಗೂದಿಲ್ಲೋ ಇರ್ಫಾನ,” ಎಂದಿದ್ದಳು. ಇರ್ಫಾನ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ಹೊಳೆಗೆ ಇಳಿಸಿ ಹತ್ತಿಸುವ ಜೀಪಿನವನು, ಎಲ್ಲದಕ್ಕೂ ಅವಸರ. “ಅಮ್ಮೀ, ಫೋಟೋದಾಗ ಏನೂ ಇಲ್ಲಲ್ಲ. ಮಶೀನ ಸುಳ್ಳ ಹೇಳತೈತೇನು?” ಎಂದಿದ್ದ. ಆಗ ಅವಳು ತಿರುಗಿ ಗಂಡನ ಮುಖ ನೋಡಿದ್ದಳು. ಗಂಡ, ತನ್ನ ಕಾಯಿಲೆ ನೋಡಲು ಬಂದವರು ತಂದ ಬಾಳೆಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ. “ಡಾಕ್ಟರ ಹೇಳ್ಯಾರಲ್ಲ, ವಯಸ್ಸಿಗೆ ತಕ್ಕಂಗ ಐತಿ ಅಂತ,” ಎಂದಿದ್ದ. ಬಾಳೆಹಣ್ಣು ಸಿಹಿಯಾಗಿತ್ತು.

ಅವನು ಡಾಕ್ಟರ ಹತ್ತಿರ ಹೋದದ್ದೇ ಕಾಯಿಲೆಯಿಂದಲ್ಲ, ಜೀಪು ಹೊರಟಿತ್ತು ಎಂಬ ಕಾರಣದಿಂದ. ಕಾಲು ನೋವೆಂದು ಹೇಳಿದವಳು ನೂರಜಹಾನ. “ಹೆಂಗೂ ಹೊಂಟೀವಿ, ಅಬ್ಬಾಂದೂ ಒಂದ ತಗಸಿಬಿಡೂಣು,” ಎಂದು ಇರ್ಫಾನ ಅವನನ್ನೂ ಹತ್ತಿಸಿಕೊಂಡಿದ್ದ. ಡಾಕ್ಟರು ಮೊದಲು ಅವನ ಫೋಟೋವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. “ಯಜಮಾನ್ರೇ, ನೀವು ನಡ್ಕೊಂಡೇ ಒಳಗೆ ಬಂದ್ರಾ?” ಎಂದರು. ಅಷ್ಟು ಗೌರವದಿಂದ ಅವನ ಒಡಲನ್ನು ಹಿಂದೆ ಯಾರೂ ನೋಡಿರಲಿಲ್ಲ. ಎಲುಬಿಗೆ ಎಲುಬು ಕೂತಿದೆ, ನಡುವಿನ ಸಂದು ಹೋಗಿದೆ, ಗ್ರೇಡ್ ನಾಲ್ಕು, ಇದರ ಮೇಲೆ ಗ್ರೇಡೇ ಇಲ್ಲ. ಉರ್ದು ಶಾಲೆಯ ನಾಲ್ಕನೇ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿ, ಸುಟ್ಟ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸಕ್ಕೆ ಕೂತಿದ್ದ ಕಾಸಿಂಸಾಬನಿಗೆ, ಐವತ್ತು ವರ್ಷ ತಡವಾಗಿಯಾದರೂ ನಾಲ್ಕು ಸಿಕ್ಕಿತು ಎನ್ನಿಸಿ ಎದೆ ಉಬ್ಬಿತು. ತುಂಬಾ ನೋಯುತ್ತಾ ಎಂದು ಡಾಕ್ಟರು ಕೇಳಿದಾಗ ಅವರ ಕಣ್ಣಿನಲ್ಲಿದ್ದ ಕನಿಕರ ಎಷ್ಟಿತ್ತೆಂದರೆ, ಇಲ್ಲ ಎನ್ನುವುದು ಅವರು ಬಡಿಸಿದ ಊಟವನ್ನು ತಳ್ಳಿದಂತಾಗುತ್ತಿತ್ತು. ನಿಜ ಹೇಳಬೇಕೆಂದರೆ ಬೆಳಿಗ್ಗೆ ಎದ್ದಾಗ ಚಳಿಗಾಲದ ಮೋಟರಿನಂತೆ ಒಂದೆರಡು ಸುತ್ತು ಬಿಗಿಯುತ್ತದೆ, ಆಮೇಲೆ ಸಂಜೆಯವರೆಗೆ ಅವನಿಗೆ ಮೊಣಕಾಲುಗಳಿವೆ ಎಂಬುದೇ ನೆನಪಿರುವುದಿಲ್ಲ. “ಭಾಳ ತ್ರಾಸರಿ ಸಾಹೇಬ್ರ,” ಎಂದ. ಧ್ವನಿ ತಾನಾಗಿ ನಡುಗಿತು.

ಆಮೇಲೆ ನೂರಜಹಾನಳದು. “ಸ್ವಲ್ಪ ಸವೆತ, ಗ್ರೇಡ್ ಒಂದು.” ಪೆಟ್ಟಿಗೆಯ ದೀಪ ಆರಿತು. ಇಲ್ಲಿಗೆ ಮುಗಿದಿದ್ದರೆ ಎಲ್ಲ ತಪ್ಪನ್ನೂ ದೀಪದ ಮೇಲೆ ಹಾಕಿ ಕಾಸಿಂಸಾಬ ಇವತ್ತು ಸುಖವಾಗಿ ಚಹಾ ಕುಡಿಯುತ್ತಿದ್ದ. ಆದರೆ ಆ ಹಾಳು ಡಾಕ್ಟರು ಒಳ್ಳೆಯವರು. ಫೋಟೋ ಬದಿಗಿಟ್ಟು, ಪೆನ್ನು ಹಿಡಿದು, ಫೋಟೋ ಏನೇ ಹೇಳಲಿ, ನೀವು ಹೇಳಿ ಅಮ್ಮಾ ಎಂದು ಅವಳ ಕಡೆ ಬಾಗಿದರು. ಮೆಟ್ಟಿಲು ಇಳಿಯುವಾಗ ನೋಯುತ್ತದೆಯೇ? ನೆಲಕ್ಕೆ ಕೂತು ಏಳಲಿಕ್ಕೆ ಆಗುತ್ತದೆಯೇ? ಎಷ್ಟು ದೂರ ನಡೆಯುತ್ತೀರಿ? ನೂರಜಹಾನ ಮುಖಪರದೆ ಸರಿಸಿ ಬಾಯಿ ತೆರೆದಳು. ಉತ್ತರ ಬಂದದ್ದು ಕಾಸಿಂಸಾಬನ ಬಾಯಿಂದ. “ಏನಿಲ್ಲರಿ, ಮನ್ಯಾಗ ಎಲ್ಲಾ ಮಾಡತಾಳ. ನಮ್ಮಕಿಂತ ಗಟ್ಟಿ ಅದಾಳ.” ಅವರೇ ಹೇಳಲಿ ಎಂದರು ಡಾಕ್ಟರು. “ಆಕಿ ಮಾತ ಕಮ್ಮಿರಿ,” ಎಂದು ನಕ್ಕ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಪಡಿತರದ ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಜನಗಣತಿಯವರು ಬಂದಾಗ, ನಲವತ್ತು ವರ್ಷ ಅವಳ ಹೆಸರು ವಯಸ್ಸು ಎಲ್ಲವನ್ನೂ ಅವನೇ ಹೇಳಿಕೊಂಡು ಬಂದಿದ್ದ. ಮೊಣಕಾಲೊಂದನ್ನು ಅವಳಿಗೆ ಬಿಡಬೇಕೆಂದು ಹೊಳೆಯಲಿಲ್ಲ. ಡಾಕ್ಟರು ಬರೆದುಕೊಂಡರು. ಅವಳು ಪರದೆ ಇಳಿಸಿದಳು. ವಾಪಸ್ಸು ಬರುವಾಗ ಜೀಪಿನಿಂದ ಇಳಿಯಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು? ಗೊತ್ತಿಲ್ಲ. ಇರ್ಫಾನ ಅವನನ್ನು ಹೂವಿನಂತೆ ಇಳಿಸುತ್ತಿದ್ದ. ಅವನು ಹಿಂದೆ ನೋಡಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಬೀಮಾರಪುರ್ಸಿ ಶುರುವಾಯಿತು. ಕಾಯಿಲೆಯವರ ಮನೆಗೆ ಬಂದು ನಾಲ್ಕು ಮಾತಾಡಿಸಿ ಹೋಗುವುದು ಪುಣ್ಯದ ಕೆಲಸ, ಹಳಿಯಾಳದ ಮೊಹಲ್ಲಾದಲ್ಲಿ ಪುಣ್ಯಕ್ಕೆ ಎಂದೂ ಬರಗಾಲವಿಲ್ಲ. ಬಂದವರೆಲ್ಲ ಕೇಳುವುದು ಫೋಟೋ. ದಿನಕ್ಕೆ ಹತ್ತು ಸಲ ಲಕೋಟೆಯಿಂದ ತೆಗೆದಿಡುವುದೇಕೆಂದು ಶೈಸ್ತಾ ಅದನ್ನು ಪಡುವಲ ಕಿಟಕಿಯ ಸರಳಿಗೆ ಬಟ್ಟೆ ಒಣಹಾಕುವ ಚಿಮಟಿಗೆಯಿಂದ ಸಿಕ್ಕಿಸಿಬಿಟ್ಟಳು. ಹೆಸರು ಅಚ್ಚಾದ ಮೂಲೆಯೇ ಚಿಮಟಿಗೆಯ ಬಾಯಿಗೆ ಸಿಕ್ಕಿತು. ಹೆಸರು ಯಾರಿಗೆ ಬೇಕು, ಎಲುಬು ಕಂಡರೆ ಸಾಕು. ಬಿಸಿಲು ಬಿದ್ದಾಗ ಕಾಸಿಂಸಾಬನ ಮೊಣಕಾಲು ಗೋಡೆಯ ಮೇಲೆ ಬೀಳುತ್ತಿತ್ತು. ನೂರಜಹಾನಳ ಫೋಟೋ ಹಿಟ್ಟಿನ ಡಬ್ಬಿಯ ಕೆಳಗೆ ಸೇರಿತು. ಶುಕ್ರವಾರ ಮಸೀದಿಯಲ್ಲಿ ಅವನಿಗೆ ಖುರ್ಚಿ ಹಾಕಿದರು. ಒಂದು ಸಲ ಖುರ್ಚಿ ಹತ್ತಿದವನು ಇಳಿಯುವುದು ಸುಲಭವಲ್ಲ, ಇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಸಂಜೆ ನೂರಜಹಾನ ಎಣ್ಣೆ ಬಿಸಿ ಮಾಡಿ, ಅವನ ಮಂಚದ ಮುಂದೆ ನೆಲಕ್ಕೆ ಕೂತು, ನೋಯದ ಕಾಲನ್ನು ಅರ್ಧ ಗಂಟೆ ತಿಕ್ಕುತ್ತಿದ್ದಳು. ಏಳುವಾಗ ಮೊದಲು ಮಂಚದ ಕಾಲು ಹಿಡಿಯುತ್ತಿದ್ದಳು, ಆಮೇಲೆ ಮಂಚದ ಪಟ್ಟಿ, ಆಮೇಲೆ ಗೋಡೆ. ಇವಳೇಕೆ ದಿನಾ ಮಂಚ ಗಟ್ಟಿ ಇದೆಯೋ ಇಲ್ಲವೋ ನೋಡುತ್ತಾಳೆ ಎಂದು ಅವನಿಗೆ ಒಮ್ಮೆ ಅನ್ನಿಸಿತ್ತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟಿದ್ದ.

ಮೂರು ಗಂಟೆಯ ಹೊತ್ತಿಗೆ ತೇರಗಾಂವದ ಭೋಜಪ್ಪ ಬಂದ. ಕಬ್ಬು, ಗೋವಿನಜೋಳ ಬೆಳೆಯುವ ಮನುಷ್ಯ. ಅವನ ಬಾವಿಯ ಪಂಪಸೆಟ್ಟಿನ ಮೋಟರನ್ನು ಇಪ್ಪತ್ತು ವರ್ಷದಲ್ಲಿ ಒಂಬತ್ತು ಸಲ ಬಿಚ್ಚಿ ಕಟ್ಟಿದವನು ಕಾಸಿಂಸಾಬ. ಕೈಯಲ್ಲಿ ಗೆಣಸಿನ ಚೀಲ. “ಸಾಬ, ಮೂರ ತಿಂಗಳಾತಂತ, ನನಗ ನಿನ್ನೆ ಗೊತ್ತಾತು ನೋಡು. ಊರಾಗ ಸತ್ರೂ ನಮಗ ಹೇಳಬ್ಯಾಡ್ರಿ,” ಎಂದು ಬೈಯುತ್ತಲೇ ಕೂತ. ಕೂತವನು ಮತ್ತೆ ಎದ್ದು ಕಿಟಕಿಗೆ ಹೋದ. “ಅಬಬಬ! ಇದೇನ ಮೊಣಕಾಲೋ ಸುಟ್ಟ ಮೋಟರೋ? ನೋಡಿದ್ರ ಗುಜರಿಗೆ ಹಾಕೂಹಂಗ ಐತಿ.” ಕಾಸಿಂಸಾಬ ರೂಢಿಯಂತೆ ಮುಖ ಸಣ್ಣ ಮಾಡಿದ. ಭೋಜಪ್ಪ ತಿರುಗಿ, “ಖರೆ, ನೀನ ನಮಗ ಹೇಳಾಂವ ಅಲ್ಲೇನು, ಬಣ್ಣ ನೋಡಬ್ಯಾಡ, ಲೋಡ್ ಹಾಕಿ ನೋಡು ಅಂತ? ಲೋಡ್ ಹಾಕೀದಿ ಹೆಂಗ?” ಎಂದು ನಕ್ಕ. ಅವನು ಚೇಷ್ಟೆಗೆ ಅಂದದ್ದು. ಕಾಸಿಂಸಾಬನಿಗೆ ಬರಿಗೈಯಲ್ಲಿ ತಂತಿ ಮುಟ್ಟಿದಂತಾಯಿತು.

ಹೌದು, ಹೇಳುತ್ತಿದ್ದ. ಕಪ್ಪಾದ ತಂತಿಯ ಕಾಯಿಲ್ ನೋಡಿ ಹೆದರುವ ರೈತರಿಗೆಲ್ಲ, ಕೈಗೆ ವಾರ್ನಿಶ್ ಬಳಿದುಕೊಂಡು ಮೌಲಾನಾನಂತೆ ಹೇಳುತ್ತಿದ್ದ. ಇದು ಕಪ್ಪಾದರೂ ಇನ್ನೆರಡು ಬೆಳೆ ನೀರು ಎತ್ತುತ್ತದೆ, ಒಯ್ಯಿ. ಅಗೋ ಅದು ತಾಮ್ರ ಫಳಫಳ ಹೊಳೆಯುತ್ತಿದೆ, ಖಾಲಿ ತಿರುಗಿಸಿದರೆ ಜೇನ್ನೊಣದಂತೆ ಹಾಡುತ್ತದೆ, ನೀರಿನ ಭಾರ ಬಿದ್ದ ಕೂಡಲೇ ಅಳುತ್ತದೆ, ಒಳಗೆ ಎಲ್ಲೋ ಒಂದು ಎಳೆ ಹೋಗಿದೆ, ಕಣ್ಣಿಗೆ ಕಾಣುವುದಿಲ್ಲ. ಅಂಥ ಮೋಟರನ್ನು ಅವನು ಒಮ್ಮೆಯೂ ಬಣ್ಣ ನೋಡಿ ವಾಪಸ್ಸು ಕಳಿಸಿರಲಿಲ್ಲ. ತಂಬಾಕಿನ ವಾಸನೆಯ ರೈತರ ಮಾತನ್ನು ಗಂಟೆಗಟ್ಟಲೆ ಕೇಳುತ್ತಿದ್ದ. ಯಾವಾಗ ಅಳುತ್ತದೆ, ಬೆಳಿಗ್ಗೆಯೋ ಮಧ್ಯಾಹ್ನವೋ, ಚಾಲೂ ಮಾಡುವಾಗಲೋ ಬಂದ್ ಮಾಡುವಾಗಲೋ? ಲೋಕದ ಮೋಟರುಗಳ ಸುಖದುಃಖವನ್ನೆಲ್ಲ ಅಷ್ಟು ತಾಳ್ಮೆಯಿಂದ ಕೇಳಿದ ಕಿವಿ ಅದು. ಹೊರಗೆ ಇರ್ಫಾನ ಜೀಪು ಚಾಲೂ ಮಾಡಿದ. ಶೈಸ್ತಾ ಅತ್ತೆಯ ಚೀಲವನ್ನು ಒಯ್ದು ಹಿಂದಿನ ಸೀಟಿಗಿಟ್ಟಳು. ಒಳಗಿನಿಂದ ಕಪ್ಪುಬಸಿಗಳ ಸದ್ದು. ನೂರಜಹಾನ ಈಗ ಚಹಾ ತರುತ್ತಾಳೆ, ಕೊಡುತ್ತಾಳೆ, ಹೋಗುತ್ತಾಳೆ, ಹದಿನೆಂಟು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ, ನಲವತ್ತು ದಿನ. ಹೇಳಬೇಕು. ಏನೆಂದು? ನನಗೆ ನೋವಿಲ್ಲ, ನೀವು ತಂದ ಬಾಳೆಹಣ್ಣೆಲ್ಲ ಸುಮ್ಮನೆ ತಿಂದೆ, ಎಂದೇ?

ನಿಜ ಹೇಳುವ ಧೈರ್ಯವಿಲ್ಲದವನಿಗೆ ದೇವರು ಸುಳ್ಳಿನ ಬುದ್ಧಿಯನ್ನು ಧಾರಾಳವಾಗಿ ಕೊಟ್ಟಿರುತ್ತಾನೆ. “ಭೋಜಪ್ಪ, ಅದು ನಂದಲ್ಲೋ,” ಎಂದ ಕಾಸಿಂಸಾಬ. “ಇರ್ಫಾನನ ಅಮ್ಮಾಂದು. ಲಕೋಟಿ ಅದಲಬದಲ ಆಗಿತ್ತು. ನಂದು ಹಿಟ್ಟಿನ ಡಬ್ಬಿ ಕೆಳಗೈತಿ, ಏನೂ ಆಗಿಲ್ಲ ಅದಕ್ಕ.” ಭೋಜಪ್ಪ ಕಣ್ಣು ಅಗಲಿಸಿ, “ಭಾಬೀದು? ಮತ್ತ ಅವರು ಅಡಗಿ ಮನ್ಯಾಗ ನಿಂತಾರಲ್ಲೋ!” ಎಂದ. ಬಾಗಿಲಲ್ಲಿ ಗಡಿಯಾರ ನೋಡುತ್ತ ಬಂದು ನಿಂತಿದ್ದ ಇರ್ಫಾನನ ಮುಖದಿಂದ ಅವಸರ ಇಳಿಯಿತು. “ಅಬ್ಬಾ, ಮೂರ ತಿಂಗಳಿಂದ ಕಿಡಕ್ಯಾಗ ಇರೂದು ಅಮ್ಮೀ ಕಾಲೇನು? ಮತ್ತ ನಾ ಮುಂಡಗೋಡಕ್ಕ...” ಎಂದು ಫೋಟೋದ ಹತ್ತಿರ ಬಂದ. ಅವನ ಕಣ್ಣಿನಲ್ಲಿ ಡಾಕ್ಟರ ಕನಿಕರವೇ ಇತ್ತು, ಈಗ ಅದು ಅಡುಗೆಮನೆಯ ಕಡೆ ಹೊರಟಿತ್ತು. ಎಷ್ಟು ಸುಲಭ! ಕಾಸಿಂಸಾಬ ಉಸಿರು ಬಿಟ್ಟ. ಒಂದು ಸುಳ್ಳಿನಿಂದ ಹೆಂಡತಿಗೆ ಖುರ್ಚಿ, ಎಣ್ಣೆ, ಬಾಳೆಹಣ್ಣು, ಎಲ್ಲ ವರ್ಗವಾಗಿಹೋಗುತ್ತದೆ, ತಾನು ಒಳ್ಳೆಯವನೂ ಆಗಿ ಉಳಿಯುತ್ತಾನೆ.

ನೂರಜಹಾನ ಚಹಾದ ತಾಟು ಹಿಡಿದು ಬಂದವಳು ಅರ್ಧ ಕೇಳಿಸಿಕೊಂಡಿದ್ದಳು. ತಾಟನ್ನು ಮಂಚದ ಮೇಲಿಟ್ಟು ಕಿಟಕಿಗೆ ಹೋದಳು. ಮೂರು ತಿಂಗಳು ಅದರ ಮುಂದೆ ಕಸ ಗುಡಿಸಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಅಕ್ಷರ ಬಾರದವಳು ಹೆಸರು ಹುಡುಕಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹೆಬ್ಬೆರಳನ್ನು ಫೋಟೋದ ಮೇಲೆ, ಎಲುಬಿನ ಅಂಚಿನಲ್ಲಿ ಹೊರಚಾಚಿದ ಒಂದು ಚೂಪಿನ ಮೇಲೆ ಇಟ್ಟಳು. “ಇದು ನಿಮ್ಮ ಕಾಲ,” ಎಂದಳು. “ಇಲ್ಲೊಂದು ಹರಳು ಐತಲ್ಲ, ದಿನಾ ನನ್ನ ಹೆಬ್ಬಟ್ಟಿಗೆ ಹತ್ತತೈತಿ. ತಿಕ್ಕಾಕಿ ನಾನು. ನನಗ ಗೊತ್ತಾಗಂಗಿಲ್ಲೇನು?” ಸಿಟ್ಟಿನಿಂದೇನೂ ಅನ್ನಲಿಲ್ಲ. ಕಳೆದ ಚಪ್ಪಲಿಯ ಜೋಡು ಗುರುತಿಸಿದ ಹಾಗೆ ಅಂದಳು. ಭೋಜಪ್ಪ ಗೆಣಸಿನ ಚೀಲದ ಬಾಯಿ ಬಿಗಿಯುವುದರಲ್ಲಿ ಮಗ್ನನಾದ. ಇರ್ಫಾನ ತಂದೆಯನ್ನು ನೋಡಿದ. ಪ್ರವಾಸಿಗರು ಹೇಳಿದ್ದಕ್ಕಿಂತ ಕಡಿಮೆ ಕೊಟ್ಟಾಗ ಹಾಗೆ ನೋಡುತ್ತಿದ್ದನೇನೋ. “ಅಬ್ಬಾ, ಸುಳ್ಳ ಯಾಕ? ಅಮ್ಮೀಗ ಏನೂ ಇಲ್ಲಂದ್ರ ಇಲ್ಲ.”

ಕಾಸಿಂಸಾಬ ಎದ್ದ. ನರಳದೆ ಎದ್ದ, ಸೊಸೆಯ ಮುಂದೆಯೇ. ತನಗೆಂದು ದಿಂಬು ಹಾಕಿದ ಖುರ್ಚಿಯನ್ನು ಎತ್ತಿ ಹೆಂಡತಿಯ ಹಿಂದೆ ಇಟ್ಟು, “ಕೂಡು,” ಎಂದ. ಅವಳು ಗಾಬರಿಯಲ್ಲಿ ಕೂತಳು. “ಇರ್ಫಾನ, ನನ್ನ ಕಾಲ ನೋಯಂಗಿಲ್ಲ. ಮೊದಲಿಂದನೂ ಹೇಳೂವಷ್ಟೇನ ಇಲ್ಲ. ಡಾಕ್ಟರ ನಿಮ್ಮಮ್ಮಾನ ಕೇಳಿದ್ರು, ನಡಕ ಬಾಯಿ ಹಾಕಿ ನಾ ಹೇಳಿದೆ.” ಆಮೇಲೆ ಅವಳ ಕಡೆ ತಿರುಗಿ, ಡಾಕ್ಟರು ಕೇಳಿದ ಮೊದಲ ಪ್ರಶ್ನೆಯನ್ನು, ಅದೇ ಜಾಗದಿಂದ ಎಂಬಂತೆ ಕೇಳಿದ. “ಮೆಟ್ಟಲ ಇಳಿಯೂವಾಗ ತ್ರಾಸ ಆಗತೈತೇನು?” ಕೇಳಿದ ಕೂಡಲೇ ಉತ್ತರ ನಲವತ್ತು ವರ್ಷದ ರೂಢಿಯಂತೆ ಅವನ ನಾಲಿಗೆಯ ತುದಿಗೇ ಬಂದಿತು. ಹಲ್ಲು ಕಚ್ಚಿ ಹಿಡಿದ. ಜೀಪು ಹೊರಗೆ ಗುರ್ರೆನ್ನುತ್ತಿತ್ತು. ನೂರಜಹಾನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಯಾವ ಮೆಟ್ಟಲದ್ದು ಹೇಳ್ಲಿ?” ಎಂದಳು.

ಇರ್ಫಾನ ಹೋಗಿ ಜೀಪು ಬಂದ್ ಮಾಡಿ ಬಂದ. ಮಾತು ಕಡಿಮೆ ಎನ್ನಿಸಿಕೊಂಡವಳು ಇಳಿಹೊತ್ತಿನ ಅಸರಿನ ಆಜಾನಿನವರೆಗೆ ಮಾತಾಡಿದಳು. ಹಿತ್ತಲಿನ ಮೂರು ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡ ಇಳಿಯುತ್ತಾಳೆ. ನೆಲಕ್ಕೆ ಹಣೆ ಹಚ್ಚುವ ಸಜ್ದಾಕ್ಕೆ ಹೋದರೆ ಏಳುವುದು ತಡವಾಗುತ್ತದೆಂದು, ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬಳೇ ನಮಾಜು ಓದುತ್ತಾಳೆ. “ಒಲಿ ಮುಂದ ಕುಂತ್ರ ಏಳಾಕ ಆಗೂದಿಲ್ಲ. ಸುಮ್ನ ಕುಂತ್ರ ಕೇಳತೀರಿ. ಅದಕ್ಕ ಬಳ್ಳೊಳ್ಳಿ ಸುಲೀತೇನಿ, ಶೈಸ್ತಾ ಬಂದು ಕೈ ಕೊಡೂತನಕ.” ಬಿರಿಯಾನಿಯ ಚೇಷ್ಟೆಯನ್ನು ತಾನು ಎಷ್ಟು ಸಲ ಮಾಡಿದ್ದೆ ಎಂದು ಕಾಸಿಂಸಾಬ ಎಣಿಸಲು ಹೋಗಿ ಬಿಟ್ಟ. ಶೈಸ್ತಾ ನೆಲ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ಅವಳನ್ನೂ ಯಾರೂ ಕೇಳಿರಲಿಲ್ಲ.

“ಮತ್ತ ಅನೀಸಾಗ ಯಾರು?” ಎಂದ ಇರ್ಫಾನ ಕೊನೆಗೆ, ಸಣ್ಣ ದನಿಯಲ್ಲಿ. “ಜಳಕ ಮಾಡಸಾಕ ಆಕಿ ಅತ್ತಿ ಅದಾಳ,” ಎಂದ ಕಾಸಿಂಸಾಬ. “ಬೇಕಾಗಿದ್ದು ನೀರ ಹೊರೂ ಆಳು. ನಾ ಬರ್ತೇನಿ.” ಭೋಜಪ್ಪ ತಡೆದುಕೊಂಡಿದ್ದ ನಗು ಹೊರಬಿತ್ತು. “ಬಾಣಂತಿ ಮನಿಗೆ ಅಪ್ಪ ಹೊಂಟಾನ ನೋಡ್ರಿ! ಸಾಬ, ಅಲ್ಲಿ ಲಾಮಾಗೋಳೂ ನಕ್ಕಾರು ನಿನ್ನ ನೋಡಿ.” ಇರ್ಫಾನ ತಲೆ ಕೆರೆದುಕೊಂಡು, “ಆದ್ರ ಅಬ್ಬಾ, ಮಸೀದ್ಯಾಗಿನ ಮಂದಿ ಏನಂತಾರ? ನಾಕನೇ ಗ್ರೇಡ ಅಂತ ನಾನ ಊರ ತುಂಬ ಹೇಳೇನಿ,” ಎಂದ. “ಕೇಳಿದವರಿಗೆ ಫೋಟೋ ತೋರಸು,” ಎಂದ ಕಾಸಿಂಸಾಬ. “ಅದು ಸುಳ್ಳ ಹೇಳಂಗಿಲ್ಲಲ್ಲ.”

ಹೆಂಡತಿಯ ಚೀಲ ಇಳಿಸಲು ತಾನೇ ಜೀಪಿಗೆ ಹೋದ. ಚೀಲದ ಬಾಯಿಗೇ, ಎರಡು ಸೀರೆಗಳ ಮೇಲೆ, ಹಸಿರು ಹಗ್ಗ ಸುರುಳಿ ಸುತ್ತಿಕೊಂಡು ಕೂತಿತ್ತು. ಮಧ್ಯಾಹ್ನ ಯಾವಾಗಲೋ ಬಿಚ್ಚಿ ತಂದಿದ್ದಾಳೆ. ಮುಂಡಗೋಡದ ಪಾಯಖಾನೆಯಲ್ಲಿ ಕಟ್ಟಿಕೊಳ್ಳಲು, ಯಾರನ್ನೂ ಕೇಳದೆ, ಯಾರಿಗೂ ಹೇಳದೆ. ಅವನು ಅದನ್ನು ಜುಬ್ಬಾದ ಜೇಬಿಗೆ ತುರುಕಿಕೊಂಡು ಹಿತ್ತಲಿಗೆ ಹೋದ. ಪ್ಲಾಸ್ಟಿಕ್ ಖುರ್ಚಿಯನ್ನು ಮೂಲೆಯಿಂದ ತಂದು ಗುಂಡಿಯ ಮೇಲಿಟ್ಟು, ಅದರ ಮೇಲೆ ಮೊದಲ ಸಲ ಕೂತು, ಅವಳ ಕೈ ಎಲ್ಲಿಗೆ ಬರುತ್ತದೆಂದು ಲೆಕ್ಕ ಹಾಕಿ, ತನ್ನ ಕೈಗಿಂತ ಒಂದು ಗೇಣು ಕೆಳಗೆ ಗಂಟು ಬರುವಂತೆ ಹಗ್ಗವನ್ನು ಅಡ್ಡಕಂಬಿಗೆ ಬಿಗಿದ. ನೋಡಲು ಗಟ್ಟಿಯಾಗಿಯೇ ಕಂಡಿತು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು, ಕಾಲು ಮಡಚಿ, ತನ್ನ ಇಡೀ ಭಾರ ಹಾಕಿ ಜೋತುಬಿದ್ದ. ಮೂರನೆಯ ಗಂಟು ಜಾರಿತು. ಇಷ್ಟು ದಿನ ಜಾರುವ ಗಂಟನ್ನೇ ಹಿಡಿದಿದ್ದಳೇ? ಬಿಚ್ಚಿ, ವೈಂಡಿಂಗ್ ತಂತಿಗೆ ಹಾಕುವಂತೆ ಎರಡು ಸುತ್ತು ಹಾಕಿ ಮತ್ತೆ ಬಿಗಿದು, ಮತ್ತೆ ಜೋತುಬಿದ್ದ. ಈ ಸಲ ಕಂಬಿ ಕಿರ್ರೆಂದಿತು, ಗಂಟು ನಿಂತಿತು. “ಅಬ್ಬಾ, ಹೊತ್ತಾತು,” ಎಂದು ಇರ್ಫಾನ ಹೊರಗಿನಿಂದ ಕೂಗಿದ. ಕಾಸಿಂಸಾಬ ಹೊರಗೆ ಬಂದು ಚಪ್ಪಲಿ ಮೆಟ್ಟಿದ. ನರಳುವುದನ್ನು ಮರೆತದ್ದು ಜೀಪು ಹತ್ತಿದ ಮೇಲೆ ನೆನಪಾಯಿತು.